ಟೆನ್ಷನ್ ಅಂದರೇನು, ಅಕ್ಕಾ?



"ನಮಗ ಇಂಗ್ಲಿಷ್ ಬರಂಗಿಲ್ರೀ" ಎಂದು ನೀವು ಹೇಳುತ್ತೀರಿ. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಿಮ್ಮ ಬಾಯಲ್ಲಿ ಎಷ್ಟು ಇಂಗ್ಲಿಷ್ ಪದ ಬರುತ್ತವೆ ಎಂದು ಲೆಕ್ಕ ಹಾಕಿ ನೋಡಿರಿ. ಬಸ್ಸು, ಟಿಕೇಟು, ಫೋನು, ಗ್ಯಾಸು, ಟ್ರ್ಯಾಕ್ಟರು, ಬ್ಯಾಂಕು. ಇವೆಲ್ಲ ಇಂಗ್ಲಿಷಿನಿಂದ ಬಂದ ಪದಗಳೇ. ಇವನ್ನು ಕಲಿಯುವುದು ಕಷ್ಟವಲ್ಲ. ಯಾಕಂದರೆ ಇವು ಕಣ್ಣಿಗೆ ಕಾಣುವ ವಸ್ತುಗಳು. ಬಸ್ಸನ್ನು ಬೆರಳು ಮಾಡಿ ತೋರಿಸಬಹುದು. ಟಿಕೇಟನ್ನು ಕೈಯಲ್ಲಿ ಹಿಡಿಯಬಹುದು.

ಇನ್ನೊಂದು ಪದ ಇದೆ. ಅದನ್ನು ಕೈಯಲ್ಲಿ ಹಿಡಿಯಲು ಬರುವುದಿಲ್ಲ. ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಆದರೂ ಎಲ್ಲರಿಗೂ ಗೊತ್ತು. ಆ ಪದ "ಟೆನ್ಷನ್".

"ಮಗಳ ಮದುವಿ ಟೆನ್ಷನ್."
"ವಾರದ ಕಂತಿನ ಟೆನ್ಷನ್."
"ಮಗನ ಪರೀಕ್ಷಾ ಟೆನ್ಷನ್."
"ಕಾಲುವಿಗೆ ನೀರು ಬರ್ತದೋ ಇಲ್ಲೋ ಅನ್ನೋ ಟೆನ್ಷನ್."

ಸಿಂಧನೂರಿನ ಬಸ್ ನಿಲ್ದಾಣದಲ್ಲಿ, ಲಿಂಗಸುಗೂರಿನ ಸಂತೆಯಲ್ಲಿ, ಮಸ್ಕಿಯ ಅಂಗಡಿ ಸಾಲಿನಲ್ಲಿ ಈ ಮಾತು ಕೇಳುತ್ತದೆ. ಈ ಪದ ನಮಗೆ ಎಲ್ಲಿಂದ ಬಂತು? ಇದರ ಅರ್ಥ ಏನು? ಇದನ್ನು ಹೇಗೆ ಬಳಸಬೇಕು? ಈ ಪಾಠದಲ್ಲಿ ತಿಳಿಯೋಣ.

ಪದ ಬಿಡಿಸಿ ಓದೋಣ

ಟೆ - ನ್ಷ - ನ್

ಮೊದಲ ಅಕ್ಷರ "ಟೆ". ಎರಡನೆಯದು ಒತ್ತಕ್ಷರ. "ನ" ಅಕ್ಷರದ ಕೆಳಗೆ "ಷ" ಒತ್ತು ಇದೆ. ಕೊನೆಯದು ಅರ್ಧ "ನ್". ಮೂರನ್ನೂ ಕೂಡಿಸಿ ಓದಿರಿ: ಟೆನ್ಷನ್.

ಅಕ್ಷರ ಮೂರೇ. ಆದರೆ ಅದರೊಳಗೆ ಇರುವ ಅರ್ಥ ಬಹಳ.

ಸಿನಿಮಾ ಕಲಿಸಿದ ಪಾಠ

ಕಾಣದ ವಸ್ತುವಿನ ಹೆಸರನ್ನು ನಾವು ಹೇಗೆ ಕಲಿತೆವು? ಬಹಳ ಮಂದಿ ಕಲಿತದ್ದು ಸಿನಿಮಾದಿಂದ, ಟಿ.ವಿ.ಯಿಂದ.

ಮೊದಲು ಸಿನಿಮಾದಲ್ಲಿ ಮಾತು ಇರಲಿಲ್ಲ. ಬರೀ ಚಿತ್ರ ಓಡುತ್ತಿತ್ತು. ಕನ್ನಡದ ಮೊದಲ ಮಾತಿನ ಸಿನಿಮಾ "ಸತಿ ಸುಲೋಚನಾ". ಅದು 1934ರಲ್ಲಿ ಬಂತು. ಆ ಮೇಲೆ ಸಿನಿಮಾ ಮಾತಾಡಿತು, ಹಾಡಿತು. ಓದು ಬಾರದವರೂ ಅದರ ಮಾತು ಕೇಳಿ ಕಲಿತರು.

ಸಿನಿಮಾದ ಮಾತು ಯಾಕೆ ಬೇಗ ಕಲಿಯಲು ಬರುತ್ತದೆ? ಅದಕ್ಕೆ ಮೂರು ಕಾರಣ ಇವೆ.

ಒಂದು: ಮಾತಿನ ಜೊತೆ ಮುಖವೂ ಕಾಣುತ್ತದೆ. ನಾಯಕ ಹಣೆ ಹಿಡಿದುಕೊಂಡು ಕೂತಿದ್ದಾನೆ. ಗೆಳೆಯ ಬಂದು ಹೆಗಲ ಮೇಲೆ ಕೈ ಇಡುತ್ತಾನೆ. "ಟೆನ್ಷನ್ ಮಾಡ್ಕೋಬೇಡ" ಎನ್ನುತ್ತಾನೆ. ಪದದ ಅರ್ಥ ಗೊತ್ತಿಲ್ಲದಿದ್ದರೂ ಆ ಹಣೆ, ಆ ಕೈ ಅರ್ಥ ಹೇಳುತ್ತವೆ.

ಎರಡು: ಮಾತು ಚಿಕ್ಕದು. ಒಮ್ಮೆ ಕೇಳಿದರೆ ನೆನಪು ಉಳಿಯುತ್ತದೆ.

ಮೂರು: ಅದೇ ಮಾತು ಬೇರೆ ಬೇರೆ ಸಿನಿಮಾದಲ್ಲಿ ಮತ್ತೆ ಮತ್ತೆ ಬರುತ್ತದೆ.

ನೀವು ಮಕ್ಕಳಿಗೆ ಮಾತು ಕಲಿಸಿದ್ದೂ ಹೀಗೆಯೇ ಅಲ್ಲವೇ? ಕೂಸಿನ ಮುಂದೆ ಪುಸ್ತಕ ಇಟ್ಟು ನೀವು ಮಾತು ಕಲಿಸಲಿಲ್ಲ. ಮುಖ ತೋರಿಸಿ, ಮತ್ತೆ ಮತ್ತೆ ಹೇಳಿ ಕಲಿಸಿದಿರಿ.

ನಮ್ಮ ಸೀಮೆಯಲ್ಲಿ ಮೂರು ಭಾಷೆಯ ಸಿನಿಮಾ ನೋಡುವವರಿದ್ದಾರೆ. ಕನ್ನಡ ನಮ್ಮದೇ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದರು. ಸಿಂಧನೂರಿನ ಸುತ್ತ ಅವರ ಕ್ಯಾಂಪುಗಳು ಆದವು. ಅವರ ಜೊತೆ ತೆಲುಗು ಬಂತು. ಹಿಂದಿ, ಉರ್ದು ಮಾತು ಪೇಟೆಯಲ್ಲಿ ಮೊದಲಿನಿಂದಲೂ ಇದೆ. "ಟೆನ್ಷನ್" ಎಂಬ ಪದ ಈ ಮೂರೂ ಭಾಷೆಯಲ್ಲಿ ಹೊಕ್ಕಿದೆ.

2003ರಲ್ಲಿ ಹಿಂದಿಯಲ್ಲಿ "ಮುನ್ನಾಭಾಯಿ ಎಂ.ಬಿ.ಬಿ.ಎಸ್." ಎಂಬ ಸಿನಿಮಾ ಬಂತು. ಸಂಜಯ್ ದತ್ ಅದರ ನಾಯಕ. ಒಬ್ಬ ರೌಡಿ ಡಾಕ್ಟರ್ ಕಾಲೇಜಿಗೆ ಸೇರುತ್ತಾನೆ. ಅವನಿಗೆ ವೈದ್ಯ ಗೊತ್ತಿಲ್ಲ. ಆದರೆ ರೋಗಿಗಳ ಜೊತೆ ಪ್ರೀತಿಯಿಂದ ಮಾತಾಡುತ್ತಾನೆ. ಟೆನ್ಷನ್ ತಗೋಬಾರದು ಎಂಬ ಅವನ ಮಾತು ದೇಶದ ತುಂಬ ಹಬ್ಬಿತು. ಅದೇ ಕತೆ 2004ರಲ್ಲಿ ತೆಲುಗಿನಲ್ಲಿ ಬಂತು. ಅದರ ನಾಯಕ ಚಿರಂಜೀವಿ. 2006ರಲ್ಲಿ ಕನ್ನಡದಲ್ಲಿ "ಉಪ್ಪಿದಾದಾ ಎಂ.ಬಿ.ಬಿ.ಎಸ್." ಎಂದು ಬಂತು. ಅದರ ನಾಯಕ ಉಪೇಂದ್ರ. ಪದ ಇದಕ್ಕೂ ಮೊದಲೇ ಬಳಕೆಯಲ್ಲಿ ಇತ್ತು. ಇಂಥ ಸಿನಿಮಾಗಳು ಅದನ್ನು ಮನೆ ಮನೆಗೆ ಮುಟ್ಟಿಸಿದವು.

ತಗೋಬ್ಯಾಡ ಅಂದರೆ ಬಿಡ್ತದೇನು?

ಇಲ್ಲಿ ಒಂದು ಮಾತು ಗಮನಿಸಿರಿ. "ಸಿಟ್ಟು ಬರ್ತದ" ಎನ್ನುತ್ತೇವೆ. "ಅಂಜಿಕಿ ಆಗ್ತದ" ಎನ್ನುತ್ತೇವೆ. ಆದರೆ ಟೆನ್ಷನ್ ಬಗ್ಗೆ "ಟೆನ್ಷನ್ ತಗೋಬ್ಯಾಡ", "ನನಗ ಟೆನ್ಷನ್ ಕೊಡಬ್ಯಾಡ" ಎನ್ನುತ್ತೇವೆ. ಇಂಗ್ಲಿಷ್ ಮನೆಮಾತಿನವರು ಹೀಗೆ ಕೊಡು-ತಗೋ ಎಂದು ಹೇಳುವುದಿಲ್ಲ. ಇದು ನಮ್ಮ ದೇಶದಲ್ಲೇ ಹುಟ್ಟಿದ ಬಳಕೆ.

ಕೊಡು, ತಗೋ ಎಂದಾಗ ಟೆನ್ಷನ್ ಒಂದು ಗಂಟು ಇದ್ದ ಹಾಗೆ ಕೇಳುತ್ತದೆ. ಬೇಕಾದರೆ ತಗೋಬಹುದು, ಬೇಡವಾದರೆ ಬಿಡಬಹುದು. ಆದರೆ ನಿಜವಾಗಿ ಹಾಗೆ ಇದೆಯೇ? ಮನೆಯಲ್ಲಿ ಜೋಳ ಮುಗಿದಿದೆ. ಸಾಲದ ಕಂತು ನಾಳೆ ಇದೆ. ಆಗ ಪಕ್ಕದವರು "ಟೆನ್ಷನ್ ತಗೋಬ್ಯಾಡವ್ವಾ" ಎಂದು ಹೇಳಿ ಹೋದರೆ ಜೋಳ ಬರುವುದಿಲ್ಲ, ಕಂತು ತೀರುವುದಿಲ್ಲ.

ಸಿನಿಮಾದ ನಾಯಕನ ಸಂಕಟ ಮೂರು ತಾಸಿನಲ್ಲಿ ಮುಗಿಯುತ್ತದೆ. ನಮ್ಮದು ಹಾಗಲ್ಲ. ಸಿನಿಮಾ ನಮಗೆ ಪದ ಕಲಿಸಿತು. ಅದರ ಮುಂದಿನ ಪಾಠವನ್ನು ನಾವೇ ಕಲಿಯಬೇಕು.

ಪದದ ಬೇರು ಎಲ್ಲಿದೆ?

ಹಳೆಯ ಲ್ಯಾಟಿನ್ ಭಾಷೆಯಿಂದ ಈ ಪದ ಇಂಗ್ಲಿಷಿಗೆ ಬಂತು. ಅದರ ಮೂಲ ಅರ್ಥ "ಎಳೆಯುವುದು, ಬಿಗಿಯುವುದು". ಬಟ್ಟೆ ಒಣಹಾಕುವ ಹಗ್ಗವನ್ನು ಎರಡೂ ಕಡೆ ಎಳೆದು ಕಟ್ಟುತ್ತೀರಿ. ಆ ಹಗ್ಗದಲ್ಲಿ ಇರುವ ಬಿಗಿತವೇ ಟೆನ್ಷನ್.

ಹೊಲಿಗೆ ಕಲಿತ ಅಕ್ಕಂದಿರಿಗೆ ಇದು ಚೆನ್ನಾಗಿ ಗೊತ್ತು. ಹೊಲಿಗೆ ಮಷಿನ್ನಿನಲ್ಲಿ ದಾರ ಬಿಗಿ ಮಾಡುವ ಒಂದು ತಿರುಪು ಇರುತ್ತದೆ. ಅದನ್ನು "ಟೆನ್ಷನ್" ಎಂದೇ ಕರೆಯುತ್ತಾರೆ. ತಿರುಪು ಬಹಳ ಬಿಗಿಯಾದರೆ ದಾರ ಕಡಿಯುತ್ತದೆ, ಬಟ್ಟೆ ಸುಕ್ಕಾಗುತ್ತದೆ. ಬಹಳ ಸಡಿಲಾದರೆ ಹೊಲಿಗೆ ನಿಲ್ಲುವುದಿಲ್ಲ. ಹದವಾಗಿ ಇದ್ದರೆ ಹೊಲಿಗೆ ಚೆಂದ.

ಮನಸ್ಸೂ ಹಾಗೆಯೇ. ಸ್ವಲ್ಪ ಬಿಗಿ ಇದ್ದರೆ ಕೆಲಸ ಸಾಗುತ್ತದೆ. ಪರೀಕ್ಷೆಯ ಚಿಂತೆ ಇದ್ದರೆ ಮಗು ಓದುತ್ತದೆ. ಮಳೆ ಬರುವ ಚಿಂತೆ ಇದ್ದರೆ ಕಣದ ಕಾಳು ಒಳಗೆ ಬರುತ್ತವೆ. ಬಿಗಿ ಮಿತಿ ಮೀರಿದರೆ ಮಾತ್ರ ದಾರ ಕಡಿಯುತ್ತದೆ.

ಹೊಲದ ಮೇಲೆ ಹಾದು ಹೋಗುವ "ಹೈ ಟೆನ್ಷನ್" ತಂತಿ ಎಂದೂ ಕೇಳಿರುತ್ತೀರಿ. ಅಲ್ಲಿ ಟೆನ್ಷನ್ ಎಂದರೆ ವಿದ್ಯುತ್ತಿನ ಜೋರು. ಅದರ ಕಂಬದ ಮೇಲೆ "ಅಪಾಯ" ಎಂಬ ಫಲಕ ಇರುತ್ತದೆ. ಈಗ ನಿಮಗೆ ಓದಲು ಬರುತ್ತದೆ. ಓದಿ ದೂರ ಇರಿ. ಮಕ್ಕಳಿಗೂ ತೋರಿಸಿರಿ.

ಒಂದು ಚೈನ್ ಕಡಿದಾಗ

ನಮ್ಮ ಕಡೆ ನಡೆದ ಒಂದು ಸಂಗತಿ ನೋಡೋಣ.

ಹೊಸಪೇಟೆ ಹತ್ತಿರ ತುಂಗಭದ್ರಾ ಅಣೆಕಟ್ಟೆ ಇದೆ. ಅದಕ್ಕೆ 33 ಗೇಟುಗಳು. ಅದರ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆಯಲ್ಲಿ ಭತ್ತ ಬೆಳೆಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿಯಿತು. ಗೇಟು ನೀರಿನಲ್ಲಿ ಕೊಚ್ಚಿ ಹೋಯಿತು. ತುಂಬಿದ ಅಣೆಕಟ್ಟೆಯ ನೀರು ಹೊಳೆಗೆ ಹರಿದು ಹೋಗತೊಡಗಿತು. ಎಂಜಿನಿಯರರು, ಕೆಲಸಗಾರರು ಹಗಲು ರಾತ್ರಿ ದುಡಿದರು. ಸುಮಾರು ಒಂದು ವಾರದಲ್ಲಿ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸಿದರು.

ಆ ಚೈನಿನ ಮೇಲೆ ಇದ್ದ ಎಳೆತವೂ ಟೆನ್ಷನ್ನೇ. ಅದು ಕಡಿದ ಮೇಲೆ ಜನರಿಗೆ ಆದದ್ದೂ ಟೆನ್ಷನ್ನೇ. ಆದರೆ ಎಲ್ಲರ ಟೆನ್ಷನ್ ಒಂದೇ ಆಗಿರಲು ಸಾಧ್ಯವೇ? ವಿಚಾರ ಮಾಡಿರಿ.

ಭತ್ತ ನಾಟಿ ಮಾಡಿದ ರೈತನಿಗೆ ಬೆಳೆ ಒಣಗುವ ಚಿಂತೆ.
ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಕೆಲಸ ತಪ್ಪುವ ಅಂಜಿಕೆ.
ಹೊಳೆ ದಂಡೆಯ ಊರಿನವರಿಗೆ ನೀರು ಮನೆಗೆ ನುಗ್ಗುವ ಗಾಬರಿ.
ಮೊದಲೇ ಯಾಕೆ ನೋಡಲಿಲ್ಲ ಎಂದು ಕೇಳುವವರಿಗೆ ಸಿಟ್ಟು.

ಇವು ನಾಲ್ಕು ಬೇರೆ ಬೇರೆ ಭಾವನೆಗಳು. ಹೆಸರು ಮಾತ್ರ ಒಂದೇ ಇಟ್ಟಿದ್ದೇವೆ. ಚಿಂತೆಗೆ ಬೇಕಾದದ್ದು ಒಂದು ದಾರಿ. ಗಾಬರಿಗೆ ಬೇಕಾದದ್ದು ಧೈರ್ಯ, ಸರಿಯಾದ ಸುದ್ದಿ. ಸಿಟ್ಟಿಗೆ ಬೇಕಾದದ್ದು ಉತ್ತರ. ಎಲ್ಲಕ್ಕೂ "ಟೆನ್ಷನ್" ಎಂದು ಒಂದೇ ಮುಚ್ಚಳ ಹಾಕಿದರೆ ಒಳಗೆ ಏನಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಮಾತಿನ ಗಂಟು ಬಿಚ್ಚೋಣ

ನಮ್ಮ ಕನ್ನಡದಲ್ಲಿ ಇದಕ್ಕೆ ಎಷ್ಟು ಪದ ಇವೆ ನೋಡಿರಿ.

ಚಿಂತೆ: ನಾಳೆ ಏನಾಗುತ್ತದೋ ಎಂದು ಮತ್ತೆ ಮತ್ತೆ ಯೋಚಿಸುವುದು.
ಅಂಜಿಕೆ: ಯಾರಿಗೋ, ಯಾವುದಕ್ಕೋ ಹೆದರುವುದು.
ಗಾಬರಿ: ಒಮ್ಮೆಲೇ ಎದೆ ಡವಡವ ಎನ್ನುವುದು.
ಬ್ಯಾಸರ: ಮಾಡಿದ್ದನ್ನೇ ಮಾಡಿ ಸಾಕಾಗುವುದು.
ಸಿಟ್ಟು: ಅನ್ಯಾಯ ಕಂಡಾಗ ಒಳಗೆ ಬೆಂಕಿ ಏಳುವುದು.
ದುಃಖ: ಇದ್ದದ್ದು ಕಳೆದುಹೋದಾಗ ಆಗುವ ನೋವು.
ತಳಮಳ: ಕೂತರೂ ನಿಂತರೂ ಸಮಾಧಾನ ಇಲ್ಲದಿರುವುದು.

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ಹಿರಿಯರು ಹೇಳುತ್ತಾರೆ. ಬರೆದು ನೋಡಿರಿ. ಚಿತೆ. ಚಿಂತೆ. ನಿಜ, ಒಂದು ಸೊನ್ನೆ ಮಾತ್ರ ಹೆಚ್ಚು. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿದವರನ್ನು ಸುಡುತ್ತದೆ. ಅಕ್ಷರ ಕಲಿತವರಿಗೆ ಈ ಗಾದೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

"ಟೆನ್ಷನ್" ಎಂಬ ಪದ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಬಂದ ಪದ ಇರಲಿ. ಅದರ ಜೊತೆ ಇನ್ನೊಂದು ಪದ ಸೇರಿಸಿರಿ. "ಟೆನ್ಷನ್ ಆಗೇದ" ಎಂದ ಮೇಲೆ "ಅಂಜಿಕಿ ಬಂದದ" ಎಂದೋ "ಸಿಟ್ಟು ಬಂದದ" ಎಂದೋ ಬಿಡಿಸಿ ಹೇಳಿರಿ.

ಮಸ್ಕಿಯ ಬಂಡೆ ಏನು ಹೇಳುತ್ತದೆ?

ಭಾವನೆಗೆ ಹೆಸರಿಟ್ಟು ಹೇಳುವುದು ಹೊಸದಲ್ಲ. ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಸುಮಾರು 2,250 ವರ್ಷ ಹಿಂದಿನ ಬರಹ ಇದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. 1915ರಲ್ಲಿ ಅದು ಪತ್ತೆಯಾಯಿತು. ಅದಕ್ಕೂ ಮೊದಲು ಸಿಕ್ಕಿದ್ದ ಇಂಥ ಬಂಡೆ ಬರಹಗಳಲ್ಲಿ ರಾಜನಿಗೆ "ದೇವರಿಗೆ ಪ್ರಿಯನಾದವನು" ಎಂಬ ಬಿರುದು ಇತ್ತು. ಮಸ್ಕಿಯ ಬಂಡೆಯ ಮೇಲೆ ಅವನ ಹೆಸರೂ ಸಿಕ್ಕಿತು. ಆ ಹೆಸರು ಅಶೋಕ. ಒಂದು ಪದವನ್ನು ಸರಿಯಾಗಿ ಓದಿದ್ದರಿಂದ ಬರೆಸಿದವನು ಯಾರೆಂದು ಖಚಿತವಾಯಿತು.

ಆ ಹೆಸರನ್ನು ಬಿಡಿಸಿರಿ. ಅ - ಶೋಕ. ಶೋಕ ಅಂದರೆ ದುಃಖ. ಅಶೋಕ ಅಂದರೆ ದುಃಖ ಇಲ್ಲದವನು. ಹೆಸರು ಹಾಗೆ. ಆದರೆ ಕಳಿಂಗ ಯುದ್ಧದಲ್ಲಿ ಸಾವಿರ ಸಾವಿರ ಜನ ಸತ್ತರು. ಅದರಿಂದ ತನಗೆ ಬಹಳ ನೋವಾಯಿತು, ಪಶ್ಚಾತ್ತಾಪವಾಯಿತು ಎಂದು ಅವನೇ ಬೇರೆ ಕಡೆಯ ಬಂಡೆಗಳ ಮೇಲೆ ಬರೆಸಿದ. ದುಃಖ ಇಲ್ಲದವನು ಎಂದು ಹೆಸರು ಹೊತ್ತ ಚಕ್ರವರ್ತಿಯೇ ತನ್ನ ದುಃಖವನ್ನು ಬಿಡಿಸಿ ಹೇಳಿದ. ನಾವು ಹೇಳಲು ಯಾಕೆ ನಾಚಬೇಕು?

ದವಾಖಾನೆಯಲ್ಲಿ ಎಚ್ಚರ

ಈಗ ಬಹಳ ಮುಖ್ಯವಾದ ಮಾತು. ನಿಧಾನವಾಗಿ ಓದಿರಿ.

ಡಾಕ್ಟರ ಚೀಟಿಯಲ್ಲಿ "ಹೈಪರ್‌ಟೆನ್ಷನ್" ಎಂಬ ಪದ ಇರಬಹುದು. ಅದು ಮನಸ್ಸಿನ ಟೆನ್ಷನ್ ಅಲ್ಲ. ಅದು ಹೆಚ್ಚಿದ ರಕ್ತದೊತ್ತಡ. ಇದನ್ನೇ ನಾವು "ಬಿ.ಪಿ. ಆಗ್ಯಾದ" ಎನ್ನುತ್ತೇವೆ. ರಕ್ತ ಹರಿಯುವಾಗ ನರಗಳ ಗೋಡೆಯನ್ನು ಒತ್ತುತ್ತದೆ. ಆ ಒತ್ತಡ ಸದಾ ಹೆಚ್ಚಾಗಿಯೇ ಇದ್ದರೆ ಅದು ರೋಗ.

ಕೆಲವರು ಹೀಗೆ ತಿಳಿಯುತ್ತಾರೆ: "ನನಗ ಏನೂ ಟೆನ್ಷನ್ ಇಲ್ಲ. ಬಿ.ಪಿ. ಹ್ಯಾಂಗ ಬರ್ತದ?" ಇನ್ನು ಕೆಲವರು ಹೇಳುತ್ತಾರೆ: "ಮಗಳ ಮದುವಿ ಆತು, ಟೆನ್ಷನ್ ಹೋತು, ಇನ್ನ ಗುಳಿಗಿ ಯಾಕ?" ಎರಡೂ ತಪ್ಪು. ಪದ ಒಂದೇ ಇರುವುದರಿಂದ ಆಗುವ ಮೋಸ ಇದು.

ನೆನಪಿಡಿರಿ:

- ನಗುನಗುತ್ತಾ ಇರುವವರಿಗೂ ಬಿ.ಪಿ. ಇರಬಹುದು. ಬಹಳ ಸಲ ಯಾವ ಲಕ್ಷಣವೂ ಕಾಣುವುದಿಲ್ಲ.
- ಅಳತೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಸುಮಾರು 120/80 ಇದ್ದರೆ ಸರಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ಹೆಚ್ಚಿನ ರಕ್ತದೊತ್ತಡ.
- ಗುಳಿಗೆಯನ್ನು ಡಾಕ್ಟರನ್ನು ಕೇಳದೆ ಬಿಡಬಾರದು. ಬಿಟ್ಟರೆ ಲಕ್ವ ಹೊಡೆಯಬಹುದು, ಹೃದಯ, ಮೂತ್ರಪಿಂಡ ಕೆಡಬಹುದು.
- ಉಪ್ಪು ಕಡಿಮೆ ಮಾಡಿರಿ. ಒಬ್ಬರಿಗೆ ದಿನಕ್ಕೆ ಒಂದು ಚಿಕ್ಕ ಚಮಚಕ್ಕಿಂತ, ಅಂದರೆ 5 ಗ್ರಾಂಗಿಂತ, ಕಡಿಮೆ ಸಾಕು. ಉಪ್ಪಿನಕಾಯಿ, ಹಪ್ಪಳದಲ್ಲೂ ಉಪ್ಪು ಇದೆ.
- ತಂಬಾಕು ಬಿಡಿರಿ.
- 30 ವರ್ಷ ದಾಟಿದವರು ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಇದು ಪುಕ್ಕಟೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಡಾಕ್ಟರ ಮುಂದೆ "ಟೆನ್ಷನ್ ಐತ್ರಿ" ಎಂದಷ್ಟೇ ಹೇಳಿದರೆ ಅವರಿಗೆ ಪೂರ್ತಿ ತಿಳಿಯುವುದಿಲ್ಲ. ಹೀಗೆ ಹೇಳಿರಿ: "ಡಾಕ್ಟರೇ, ಹದಿನೈದು ದಿನ ಆತ್ರಿ, ರಾತ್ರಿ ನಿದ್ದಿ ಬರವಲ್ದು. ಊಟ ಸೇರವಲ್ದು. ಸುಮ್ನ ಅಳು ಬರ್ತದ." ಇಂಥ ಮಾತಿನಿಂದ ಡಾಕ್ಟರಿಗೆ ದಾರಿ ಸಿಗುತ್ತದೆ.

ಯಾವ ಸಂಕಟಕ್ಕೆ ಯಾವ ದಾರಿ?

ಕಂತಿನ ಚಿಂತೆ ಇದ್ದರೆ ಸಂಘದಲ್ಲಿ ಮಾತಾಡಿರಿ. ಎಷ್ಟು ಸಾಲ, ಎಷ್ಟು ಬಡ್ಡಿ ಎಂದು ಚೀಟಿ ಓದಿ ಬರೆದಿಡಿರಿ. ಸಾಲ ತೀರಿಸುವುದು ನಮ್ಮ ಜವಾಬ್ದಾರಿ. ಆದರೆ ವಸೂಲಿಗೆ ಬಂದವರು ಬಯ್ಯುವಂತಿಲ್ಲ, ಹೆದರಿಸುವಂತಿಲ್ಲ. ಕಿರುಸಾಲದ ಕಿರುಕುಳ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಮಾರ್ಚಿನಲ್ಲಿ ವಿಧಾನಮಂಡಲ ಅದರ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬೆದರಿಕೆ ಹಾಕಿದರೆ ಪೊಲೀಸರಿಗೆ ದೂರು ಕೊಡಬಹುದು.

ಮನೆಯಲ್ಲಿ ಹೊಡೆತ, ಬೈಗುಳದ ಅಂಜಿಕೆ ಇದ್ದರೆ ಅದಕ್ಕೆ ಟೆನ್ಷನ್ ಎಂದು ಹೆಸರಿಟ್ಟು ಮುಚ್ಚಬೇಡಿರಿ. 181 ಮಹಿಳಾ ಸಹಾಯವಾಣಿ. 112 ತುರ್ತು ನಂಬರು.

ಮನಸ್ಸು ಕುಗ್ಗಿ ಎರಡು ವಾರ ದಾಟಿದರೆ, ಕೆಲಸ, ಊಟ, ನಿದ್ದೆ ಯಾವುದೂ ಬೇಡವಾದರೆ, ಅದೂ ಒಂದು ರೋಗ ಇರಬಹುದು. ಅದಕ್ಕೆ ಔಷಧ ಇದೆ. 14416 ನಂಬರಿಗೆ ಫೋನ್ ಮಾಡಿರಿ. ಇದರ ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಸುರುವಾಯಿತು. ಹಗಲು ರಾತ್ರಿ ಇರುತ್ತದೆ. ದುಡ್ಡು ಬೇಡ. ಕನ್ನಡದಲ್ಲೇ ಮಾತಾಡಬಹುದು. ಸಾಯುವ ವಿಚಾರ ಬಂದರೆ ಒಂದು ಗಳಿಗೆಯೂ ತಡ ಮಾಡಬೇಡಿರಿ. ಹತ್ತಿರದವರಿಗೆ ಹೇಳಿರಿ, ಈ ನಂಬರಿಗೆ ಫೋನ್ ಮಾಡಿರಿ.

ಗೆಳತಿ ಬಂದು "ನನಗ ಟೆನ್ಷನ್ ಆಗ್ಯಾದವ್ವಾ" ಎಂದರೆ ಏನು ಹೇಳುವಿರಿ? ಸಿನಿಮಾದ ಹಾಗೆ "ತಗೋಬ್ಯಾಡ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಎಂಥಾ ಟೆನ್ಷನ್ನವ್ವಾ? ಬಿಡಿಸಿ ಹೇಳು, ನಾ ಕೇಳ್ತೀನಿ" ಎಂದರೆ ಮಾತು ಸುರುವಾಗುತ್ತದೆ.

ಓದಿರಿ, ಬರೆಯಿರಿ

1. ಈ ಪದಗಳನ್ನು ಮೂರು ಸಲ ಬರೆಯಿರಿ: ಟೆನ್ಷನ್, ಚಿಂತೆ, ಅಂಜಿಕೆ, ತಳಮಳ, ರಕ್ತದೊತ್ತಡ.
2. ಚಿತೆ, ಚಿಂತೆ. ಇಂಥ ಒಂದು ಸೊನ್ನೆಯಿಂದ ಅರ್ಥ ಬದಲಾಗುವ ಇನ್ನೊಂದು ಜೋಡಿ ಪದ ಹುಡುಕಿರಿ.
3. ಈ ವಾರ ನೀವು "ಟೆನ್ಷನ್" ಎಂದು ಹೇಳಿದ ಒಂದು ಸಂಗತಿ ನೆನೆಯಿರಿ. ಅದು ಚಿಂತೆಯೋ, ಅಂಜಿಕೆಯೋ, ಸಿಟ್ಟೋ? ಒಂದು ಸಾಲು ಬರೆಯಿರಿ.
4. ಸಿನಿಮಾದಿಂದ ಕಲಿತ ಬೇರೆ ಪದಗಳನ್ನು ಬರೆಯಿರಿ. ಉದಾಹರಣೆ: ಸಾರಿ, ಬೋರು, ಫೀಲಿಂಗು. ಅವಕ್ಕೆ ನಮ್ಮ ಕಡೆಯ ಮಾತಿನಲ್ಲಿ ಏನು ಹೇಳುತ್ತೀರಿ?
5. 14416, 181, 112. ಈ ನಂಬರುಗಳನ್ನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿರಿ.